ಹಿಂದಿನ ಬಾಗಿಲ ಲೈಬ್ರರಿ

ಜೂನ್ 9, 2008, ಸೋಮವಾರ

ಸೇರಿಬಿಟ್ಟೆ. ಇನ್ನು ಯಾರು ಏನು ಬೇಕಾದರೂ ಆಡಿಕೊಳ್ಳಲಿ.

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ಸುರೇಶಣ್ಣನ ಇಂಟರ್‌ನೆಟ್ ಅಂಗಡಿ ಇದೆ. ಮೊದಲು ಅದೇ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದವರು. ಮೈಸೂರಿನ ಒಂದು ಕಾಲೇಜು ‘ಗ್ರಂಥಾಲಯ ಸಾರ್ವಜನಿಕ ಸೇವೆ’ ಎಂಬ ಕೋರ್ಸನ್ನು ಕಂಪ್ಯೂಟರಿನಲ್ಲೇ ಕಲಿಸುತ್ತದಂತೆ. ಕಾಲೇಜಿಗೆ ಹೋಗಬೇಕಿಲ್ಲ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಪೇಪರಿನಲ್ಲಿ ಬಂದಿದ್ದನ್ನು ಕತ್ತರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಫಾರಂ ತುಂಬುವಾಗ ಸುರೇಶಣ್ಣ, ‘ಯಜಮಾನ್ರ ಹೆಸ್ರು ಹೇಳಮ್ಮ’ ಅಂದರು. ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿ ಒಂದು ದಿನವೂ ಹೇಳದ ಹೆಸರು. ರೇಷನ್ ಕಾರ್ಡು ತೆಗೆದು ಅವರ ಮುಂದಿಟ್ಟೆ. ನೋಡಿಕೊಂಡು ತಾವೇ ಟೈಪ್ ಹೊಡೆದರು. ಇಲ್ಲಿ ಬರೆಯಲಿಕ್ಕೂ ನನಗೆ ಕೈ ಬರುವುದಿಲ್ಲ.

ನಮ್ಮ ಯಜಮಾನರು ಹೋಗಿದ್ದು ಫೆಬ್ರವರಿಯಲ್ಲಿ, ಕಾಮಾಲೆ ಬಂದು. ನಮ್ಮೂರಿನ ಪಂಚಾಯ್ತಿ ಲೈಬ್ರರಿ ಶುರುವಾದಾಗಿನಿಂದ ಅದನ್ನು ನೋಡಿಕೊಂಡವರು ಅವರೇ. ಬೀಗದ ಕೈ ಅವರ ಉಡಿದಾರದಲ್ಲಿತ್ತು, ಈಗ ನನ್ನ ತಾಳಿ ಇದ್ದ ದಾರದಲ್ಲಿದೆ. ಹೋದ ಶುಕ್ರವಾರ ಪಂಚಾಯ್ತಿ ಅಧ್ಯಕ್ಷರಾದ ಕುಳ್ಳಯ್ಯಣ್ಣನವರನ್ನು ಕೇಳಿದೆ, ಆ ಕೆಲಸ ನನಗೇ ಕೊಡಿ ಎಂದು. ಅರಳಿಕಟ್ಟೆಯ ಮೇಲೆ ಎಲ್ಲರ ಎದುರಿಗೇ ಅಂದರು: ‘ಗಂಡುಂದು ಹೆಂಡ್ರಿಗೆ ಬತ್ತದೆ ಅನ್ನಕ್ಕೆ ಅದೇನು ಹೊಲವೇನಮ್ಮ? ನಮ್ ವಸಂತ ಅವ್ನೆ, ಪಿಯುಸಿ ಓದವ್ನೆ. ಡಿಸೆಂಬರ್‌ಗೆ ಆರ್ಡರ್ ಬತ್ತದೆ. ಅಲ್ಲೀಗಂಟ ಬೀಗ ತೆಗ್ದು ಆಕ್ತಿರು, ಆಮ್ಯಾಕೆ ಅವ್ನ ಕೈಗೆ ಕೊಟ್ಬುಡು.’

ವಸಂತ್ ಕುಳ್ಳಯ್ಯಣ್ಣನವರ ಬಾಮೈದ. ಅವನು ಲೈಬ್ರರಿಯ ಒಳಗೆ ಬಂದಿದ್ದನ್ನು ನಾನಂತೂ ಕೇಳಿಲ್ಲ.

‘ನಾನೂ ಓದ್ತೀನಿ’ ಅಂದೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆ ನಗುವನ್ನು ಕಟ್ಟಿಕೊಂಡೇ ಇವತ್ತು ಬಸ್ಸು ಹತ್ತಿದ್ದು.

ಜೂನ್ 12, ಗುರುವಾರ

ಅತ್ತೆ ಕೆಂಪಾಜಮ್ಮ ನನ್ನನ್ನು ಬೈಯುವವರಲ್ಲ. ಆದರೂ ಬೆಳಿಗ್ಗೆ ಹೊಸಿಲಲ್ಲಿ ಅಡ್ಡ ಕೂತು ಅಂದರು: ‘ಬೆಳಬೆಳಿಗ್ಗೇನೆ ಓಗ್ಬ್ಯಾಡ ಕಣವ್ವ. ಹೊಲಕ್ಕೆ ಹೊಂಟೋರ್ಗೆ ಎದುರಾಯ್ತದೆ. ಅವ್ರು ಏನಾರ ಅಂದ್ರೆ ನನ್ ಕೈಲಿ ತಡ್ಯಕಾಗಲ್ಲ.’

ಹಣೆ ಬೋಳಾದವಳು ಎದುರು ಬಂದರೆ ಹೊರಟ ಕೆಲಸ ಕೆಡುತ್ತದಂತೆ. ಹಾಗಾದರೆ ಎಲ್ಲರಿಗಿಂತ ಮೊದಲೇ ಹೋಗುತ್ತೇನೆ ಎಂದು ದಿನಕ್ಕಿಂತ ಬೇಗ ಹೊರಟೆ. ಕಟ್ಟೆಯ ಹತ್ತಿರ ಇಬ್ಬರು ಎದ್ದು ಮನೆಗೆ ವಾಪಸು ಹೋದರು, ನೀರು ಕುಡಿದು ಮತ್ತೆ ಹೊರಡುವುದಕ್ಕೆ. ಹೋಗಲಿ, ಬೆಳಿಗ್ಗೆ ನೀರು ಕುಡಿದರೆ ಒಳ್ಳೆಯದೇ.

ಕಸ ಗುಡಿಸಿದೆ. ಪೇಪರ್ ಮಡಚಿಟ್ಟೆ. ಅವರ ಕನ್ನಡಕ ಮೇಜಿನ ಮೇಲೆ ಇಟ್ಟಲ್ಲೇ ಇದೆ. ಗೋಡೆಯಲ್ಲಿ ಅವರೇ ಬರೆದ ಬೋರ್ಡು: ‘ಮೌನವಾಗಿರಿ. ಕೈ ತೊಳೆದು ಪುಸ್ತಕ ಮುಟ್ಟಿ.’ ಅವರ ಬೆತ್ತದ ಕುರ್ಚಿಯಲ್ಲಿ ನಾನು ಕೂರುವುದಿಲ್ಲ, ಯಾವತ್ತೂ ಕೂರುವುದಿಲ್ಲ. ಮನೆಯಿಂದ ಮಣೆ ತಂದು ಗೋಡೆಗೆ ಒರಗಿ ಕೂತೆ. ಅವರಿದ್ದಾಗ ಹೇಗಿತ್ತೋ ಎಲ್ಲ ಹಾಗೇ ಇರಬೇಕು, ಒಂದು ಪುಸ್ತಕವೂ ಅಲುಗಬಾರದು. ನಾನು ಓದುತ್ತಿರುವುದೇ ಅದಕ್ಕೆ.

ಜೂನ್ 23, ಸೋಮವಾರ

ಸೋಮವಾರ ಲೈಬ್ರರಿಗೆ ರಜೆ, ನನಗೆ ಕಾಲೇಜು. ಮೊದಲನೇ ಪಾಠ: ಬಂದವರನ್ನು ಮಾತಾಡಿಸುವುದು. ತಲೆ ಎತ್ತಿ ನೋಡಬೇಕು, ನಗಬೇಕು, ಅವರು ಕೇಳುವ ಮೊದಲೇ ‘ಏನು ಬೇಕಿತ್ತು’ ಎನ್ನಬೇಕು. ಪಾಠ ಮಾಡುವವರು ಕಾವ್ಯಶ್ರೀ ಮೇಡಂ. ಅವರ ಫೋಟೋ ಪರದೆಯ ಮೂಲೆಯಲ್ಲಿ ಅಂಚೆ ಚೀಟಿಯಷ್ಟು ಕಾಣುತ್ತದೆ.

ನಾನು ನಕ್ಕು ಮಾತಾಡಿಸಿದರೆ ನಮ್ಮೂರಲ್ಲಿ ಏನಾಗುತ್ತದೆ ಎಂದು ಮೇಡಂಗೆ ಗೊತ್ತಿಲ್ಲ.

ಮನೆಗೆಲಸಕ್ಕೆ ಎರಡು ಪುಟ ಬರೆಯಬೇಕಿತ್ತು. ಒಂದೊಂದೇ ಅಕ್ಷರ ಹುಡುಕಿ ಕನ್ನಡದಲ್ಲಿ ಟೈಪ್ ಮಾಡುವಷ್ಟರಲ್ಲಿ ಬೆರಳು ಬಿದ್ದುಹೋಯಿತು. ನಡುವೆ ಕರೆಂಟು ಹೋಗಿ ಮೊದಲಿಂದ ಶುರು. ಕೊನೆಯ ಬಸ್ಸಿಗೆ ಓಡಿದೆ. ಬಿಳಿಕೆರೆಯ ಕಡೆಯ ಬಸ್ಸಿನಲ್ಲಿ ಹೊಗೆಸೊಪ್ಪಿನ ಗೊಬ್ಬರದ ಮೂಟೆಗಳ ಮಧ್ಯೆ ನಿಂತು ಬರುವಾಗ ನಗು ಬಂತು. ಕಾಲೇಜು ಹುಡುಗಿ ನಾನು.

ಜುಲೈ 7, ಸೋಮವಾರ

ಸೊನ್ನೆ. ಕೆಳಗೆ ಮೇಡಂ ಬರೆದಿದ್ದಾರೆ: ‘ದಯವಿಟ್ಟು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ.’

ಕನ್ನಡದಲ್ಲದೆ ಇನ್ಯಾವುದರಲ್ಲಿ ಬರೆದಿದ್ದೆ? ಸುರೇಶಣ್ಣ ಹಣೆ ಚಚ್ಚಿಕೊಂಡರು. ಇವರ ಕಂಪ್ಯೂಟರಿನ ಕನ್ನಡ ಅಕ್ಷರ ಮೇಡಂ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಬರೀ ಸೊಟ್ಟ ಗೆರೆ, ಚುಕ್ಕೆ ಕಾಣುತ್ತದಂತೆ. ‘ಇಂಗ್ಲಿಷಲ್ಲೇ ಹೊಡೆದ್ಬುಡಿ, ನಾನು ಹೇಳ್ಕೊಡ್ತೀನಿ’ ಅಂದರು.

‘ಬೇಡ. ಕೈಯಲ್ಲಿ ಬರೀತೀನಿ. ಅದರ ಫೋಟೋ ತೆಗೆದು ಕಳಿಸೋಕಾಗಲ್ವಾ?’

‘ಆನ್‌ಲೈನ್ ಕೋರ್ಸಿಗೆ ಕೈಬರಹವಾ!’

‘ಯಾಕೆ, ಕೈ ಇರೋರು ಸೇರಬಾರದು ಅಂತ ಬರೆದವ್ರಾ?’

ಸ್ಕ್ಯಾನ್ ಮಾಡಿ ಕಳಿಸಿದರು. ಇನ್ನು ಮೇಲೆ ಹಾಗೇ.

ಜುಲೈ 20, ಭಾನುವಾರ

ಅವರ ಪಂಚೆಯೊಂದು ಬಿದಿರು ಗಳುವಿನ ಮೇಲೆ ಇನ್ನೂ ಇದೆ. ಅತ್ತೆಯೂ ತೆಗೆದಿಲ್ಲ, ನಾನೂ ತೆಗೆದಿಲ್ಲ. ಇವತ್ತು ಬರೆಯುವುದಕ್ಕೆ ಏನೂ ಇಲ್ಲ.

ಜುಲೈ 28, ಸೋಮವಾರ

ಕೈಬರಹಕ್ಕೆ ಒಳ್ಳೆಯ ಅಂಕ ಬಂದಿದೆ. ಅದು ಹಾಗಿರಲಿ. ಮೂರನೇ ಪಾಠ ನನ್ನ ತಲೆ ಕೆಡಿಸಿದೆ.

‘ನಿಮ್ಮ ಗ್ರಂಥಾಲಯದ ಹೊರಗೆ ನಿಲ್ಲಿ. ಯಾರು ಬರುತ್ತಾರೆ ಎಂದು ಬರೆಯಬೇಡಿ. ಯಾರು ಬರುವುದಿಲ್ಲ ಎಂದು ಬರೆಯಿರಿ. ಏಕೆ ಬರುವುದಿಲ್ಲ ಎಂದು ಬರೆಯಿರಿ.’

ಬರದವರನ್ನು ಎಲ್ಲಿ ನೋಡುವುದು?

ಜುಲೈ 31, ಗುರುವಾರ

ನೋಡಿದೆ. ಅವರು ಎದುರಿಗೇ ಇದ್ದರು.

ಬೆಳಿಗ್ಗೆ ಟೀ ಅಂಗಡಿಯ ಪಕ್ಕದಲ್ಲಿ ನಿಂತುಕೊಂಡೆ. ಲೈಬ್ರರಿಯ ಮುಂದೆಯೇ ಅರಳಿಕಟ್ಟೆ. ಕಟ್ಟೆಯ ಮೇಲೆ ಗಂಡಸರು ಕೂತಿದ್ದರೆ ನಮ್ಮೂರ ಹೆಂಗಸರು ಅವರ ಮುಂದೆ ಹಾಯುವುದಿಲ್ಲ. ಯಾರೂ ಹಾಯಬೇಡಿ ಎಂದು ಹೇಳಿಲ್ಲ, ಹಾಯುವುದಿಲ್ಲ ಅಷ್ಟೇ. ನಾನೂ ಮದುವೆಯಾಗಿ ಬಂದಾಗಿನಿಂದ ಹಿಂದಿನ ಓಣಿಯಲ್ಲೇ ಓಡಾಡಿದವಳು. ಬೀಗದ ಕೈ ಬಂದ ಮೇಲೆಯೇ ಈ ಕಡೆ ಕಾಲಿಟ್ಟಿದ್ದು. ಕಟ್ಟೆ ಖಾಲಿಯಿರುವ ಹೊತ್ತೇ ಇಲ್ಲ.

ಲೈಬ್ರರಿಯ ಹಿಂದಿನ ಗೋಡೆಗೆ ಅಂಟಿಕೊಂಡಂತೆ ಓಣಿ. ಅಲ್ಲೇ ನೀರಿನ ತೊಂಬೆ, ಅದರ ಸುತ್ತ ನಲ್ಲಿಗಳು. ನೀರು ಬಿಡುವ ಹೊತ್ತಿಗೆ ಊರಿನ ಅರ್ಧ ಹೆಂಗಸರು ಅಲ್ಲಿ ಕೂತಿರುತ್ತಾರೆ, ಕೊಡ ಸಾಲಿಟ್ಟು. ಅವರ ಬೆನ್ನಿಗೇ ಒಂದು ಬಾಗಿಲು. ಲೈಬ್ರರಿಯ ಬಾಗಿಲು! ಒಳಗಿಂದ ಅದಕ್ಕೆ ಕಬ್ಬಿಣದ ಬೀರು ಒತ್ತಿ ಇಟ್ಟಿದೆ. ಇಟ್ಟವರು ಯಾರು ಎಂದು ನನಗೆ ಗೊತ್ತು.

ಆಗಸ್ಟ್ 3, ಭಾನುವಾರ

ಎರಡು ದಿನ ಅವರ ಜೊತೆ ಜಗಳವಾಡಿದೆ. ಹೋದವರ ಜೊತೆ ಜಗಳವಾಡುವುದು ಕಷ್ಟ, ತಿರುಗಿ ಮಾತಾಡುವುದಿಲ್ಲ.

ಆ ಬೀರು ಬಂದಾಗ ನನಗೆ ಹೊಸ ಮದುವೆ. ‘ನಾನೂ ಒಂದಿನ ಬಂದು ಪುಸ್ತಕ ನೋಡ್ತೀನಿ’ ಅಂದಿದ್ದೆ. ‘ನೀನ್ಯಾಕೆ ಬತ್ತೀಯ, ಬೇಕಾದ್ದು ನಾನೇ ತತ್ತೀನಿ’ ಅಂದರು. ತಂದರು ಕೂಡ, ವಾರಕ್ಕೊಂದರಂತೆ. ಪ್ರೀತಿಯಿಂದಲೇ ತಂದರು. ಅವರಷ್ಟು ಒಳ್ಳೆಯ ಗಂಡಸು ಈ ಊರಲ್ಲಿ ಇರಲಿಲ್ಲ. ಇಪ್ಪತ್ತು ವರ್ಷ ಅವರು ತಂದಿದ್ದನ್ನು ಓದಿದೆ. ನನಗೆ ಯಾವುದು ಬೇಕು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ‘ಬಾಗ್ಲು ತೆಗ್ದಿದ್ರೆ ಒದ್ದೆ ಕೊಡ ತಕ್ಕೊಂಡು ಒಳಕ್ ಬತ್ತರೆ, ಪುಸ್ತಕ ನೆನಿತವೆ’ ಅನ್ನುತ್ತಿದ್ದರು. ಪುಸ್ತಕ ನೆನೆಯಲಿಲ್ಲ ನಿಜ. ಗೆದ್ದಲು ತಿಂದವು, ಮುಟ್ಟುವವರಿಲ್ಲದೆ.

ಇವತ್ತು ಬೀರು ಸರಿಸಿದೆ. ಓಣಿಯ ಬೀರಮ್ಮ ಮತ್ತು ಅವಳ ವಾರಗಿತ್ತಿ ಚಿಕ್ಕಸಿದ್ದಮ್ಮ ಬಂದರು. ಬೀರಮ್ಮನ ಬಾಯಿಗೆ ಊರೇ ಹೆದರುತ್ತದೆ. ‘ತಳ್ಳೇ ಚಿಕ್ಕಸಿದ್ದಿ, ಮುದ್ದೆ ತಿಂದಿಲ್ವಾ’ ಎಂದು ಅಬ್ಬರಿಸುತ್ತ ಬೀರುವಿಗೆ ಹೆಗಲು ಕೊಟ್ಟಳು. ಬಾಗಿಲಿನ ಚಿಲಕ ತುಕ್ಕು ಹಿಡಿದಿತ್ತು, ಹರಳೆಣ್ಣೆ ಬಿಟ್ಟು ಕಲ್ಲಿನಿಂದ ತಟ್ಟಿದೆವು. ತೆರೆದಾಗ ಬೆಳಕು ಬಂದು ಸೀದಾ ಬೆತ್ತದ ಕುರ್ಚಿಯ ಮೇಲೆ ಬಿತ್ತು.

ಈ ಬಾಗಿಲಿಗೆ ಹೊರಗಿನಿಂದ ಹಾಕಲು ಒಂದು ಬೀಗ ತಂದಿದ್ದೇನೆ. ನನ್ನದೇ ಬೀಗ.

ಆಗಸ್ಟ್ 8, ಶುಕ್ರವಾರ

ಬಂದರು! ಮೊದಲು ಹೊಸಿಲ ಮೇಲೆ ಕೂತರು, ಆಮೇಲೆ ಒಳಗೆ ಬಗ್ಗಿ ನೋಡಿದರು. ಹೊಗೆಸೊಪ್ಪು ಮುರಿಯುವ ಕಾಲ. ದಿನವಿಡೀ ಸೊಪ್ಪು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಸೊಪ್ಪು ಕಟ್ಟುವವರ ಕೈ ಕಪ್ಪಗೆ, ಅಂಟಂಟು. ಸೋಪು ಹಾಕಿದರೂ ಹುಣಸೆಹುಳಿ ಹಾಕಿದರೂ ಪೂರ್ತಿ ಹೋಗದು. ಚಿಕ್ಕಸಿದ್ದಮ್ಮ ಬೋರ್ಡು ಓದಿದಳು, ತನ್ನ ಕೈ ನೋಡಿಕೊಂಡಳು, ಹಿಂದಕ್ಕೆ ಸರಿದಳು.

ಬೋರ್ಡು ಇಳಿಸಿ ಬೀರುವಿನ ಹಿಂದಕ್ಕೆ ಇಟ್ಟೆ.

‘ಅಯ್ಯೋ, ಕರೆ ಆಯ್ತದೆ ಕಣಕ್ಕ.’

‘ಆಗ್ಲಿ ಬುಡು. ಓದಿದ ಗುರುತು.’

ಬೀರಮ್ಮ ‘ದೇವ್ರುದು ಏನಾರ ಒಂದು ಬುಕ್ಕು ಕೊಡು’ ಅಂದಳು. ಕೊಡಲಿಲ್ಲ. ಕೇಳುವುದು ಒಂದು, ಬೇಕಾಗಿರುವುದು ಇನ್ನೊಂದು ಇರಬಹುದು, ಮೆಲ್ಲಗೆ ಇನ್ನೊಂದು ಮಾತು ಕೇಳಿ ಎಂದು ಪಾಠದಲ್ಲಿದೆ. ‘ಯಾತಕ್ಕೆ ಬೇಕಿತ್ತು ಬೀರವ್ವ?’ ಅಂದೆ. ಅಷ್ಟು ಬಾಯಿಯ ಹೆಂಗಸು ನೆಲ ನೋಡಿದಳು. ಆಮೇಲೆ ಕಿವಿಯಲ್ಲಿ ಹೇಳಿದಳು. ಬೇಕಿದ್ದ ಪುಸ್ತಕ ಬೀರುವಿನ ಮೇಲಿನ ಸಾಲಿನಲ್ಲೇ ಇತ್ತು, ದೂಳು ಹಿಡಿದು.

ಸೆಪ್ಟೆಂಬರ್ 1, ಸೋಮವಾರ

ಇವತ್ತಿನ ಪಾಠ ನನಗೆ ಮೊದಲೇ ಗೊತ್ತಿತ್ತು ಅನಿಸಿತು. ಯಾರು ಯಾವ ಪುಸ್ತಕ ಒಯ್ದರು ಎಂದು ಇನ್ನೊಬ್ಬರಿಗೆ ಹೇಳಬಾರದು. ಅಪ್ಪ ಕೇಳಿದರೂ, ಗಂಡ ಕೇಳಿದರೂ, ದೊಡ್ಡ ಅಧಿಕಾರಿ ಬಾಯಿಮಾತಿಗೆ ಕೇಳಿದರೂ. ಮೊದಲು ರಿಜಿಸ್ಟರಿನಲ್ಲಿ ಹೆಸರು, ಪುಸ್ತಕ ಎರಡೂ ಬರೆದು ಮೇಜಿನ ಮೇಲೇ ಇಡುತ್ತಿದ್ದದ್ದು. ಈಗ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಪುಸ್ತಕ ವಾಪಸು ಬಂದ ದಿನ ಚೀಟಿ ಹರಿದು ಒಲೆಗೆ. ಒಯ್ದ ಪುಸ್ತಕದ ನಂಬರು ಮಾತ್ರ ರಿಜಿಸ್ಟರಿನಲ್ಲಿ.

ನಮ್ಮೂರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ಇಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದೂ ಗುಟ್ಟಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಕುಳ್ಳಯ್ಯಣ್ಣನವರ ಸೊಸೆ ಪವಿತ್ರಾ ಇವತ್ತು ಒಂದು ಪುಸ್ತಕ ಒಯ್ದಳು, ಸಿಂಬೆಯ ಬಟ್ಟೆ ಬಿಚ್ಚಿ ಅದರಲ್ಲಿ ಸುತ್ತಿಕೊಂಡು. ಯಾವ ಪುಸ್ತಕ ಎಂದು ಇಲ್ಲೂ ಬರೆಯುವುದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮುದ್ದೆಗೆ ಎಸರಿಟ್ಟು ಮೊದಲು ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ಕುಳ್ಳಯ್ಯಣ್ಣ ಮುಂದಿನ ಬಾಗಿಲಲ್ಲಿ ನಿಂತರು. ಹಿಂದೆ ವಸಂತ್. ಒಳಗೆ ಕಾಲಿಡಲಿಲ್ಲ.

‘ಏನಮ್ಮ, ನಮ್ ಸೊಸೆ ಇಲ್ಲಿಂದ ಅದ್ಯಾವ್ದೋ ಬುಕ್ಕು ತಂದವಳಂತಲ್ಲ. ಯಾವುದದು?’

‘ಹೇಳೋ ಹಾಗಿಲ್ಲ ಕುಳ್ಳಯ್ಯಣ್ಣ.’

‘ಅಂಗಂದ್ರೆ?’

‘ಯಾರು ಏನು ಓದ್ತಾರೆ ಅಂತ ಹೇಳೋ ಹಾಗಿಲ್ಲ. ಪಾಠದಲ್ಲಿದೆ.’

ವಸಂತ್ ಕಿಸಕ್ಕನೆ ನಕ್ಕ. ‘ಬಾವ, ಪಾಠದಲ್ಲೈತಂತೆ!’

‘ನಮ್ ಮನೆ ಹೆಣ್ಮಗ ಕಣಮ್ಮ ಅದು. ನಮ್ ಮನೆ ಇಚಾರ. ರಿಜಿಸ್ಟರ್ ತೆಗಿ.’

ತೆಗೆದು ತೋರಿಸಿದೆ. ನಂಬರು ಮಾತ್ರ ಇತ್ತು. ಅವರ ಮುಖ ಕೆಂಪಗಾಯಿತು. ‘ಚಿಕ್ಕದೋ ದೊಡ್ಡದೋ ಒಂದು ಮರ್ವಾದೆ ಇತ್ತು ಈ ಜಾಗಕ್ಕೆ. ನಿನ್ ಗಂಡ ಇದ್ದಿದ್ರೆ ಕೇಳಕ್ ಮುಂಚೆ ಹೇಳಿರೋನು.’

‘ಹೇಳಿರೋರು. ನಾನು ಹೇಳಲ್ಲ.’

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ. ಬಂದದ್ದು ನಿಜ, ವಾಪಸು ತೆಗೆದುಕೊಳ್ಳುವುದೂ ಇಲ್ಲ.

ಸೆಪ್ಟೆಂಬರ್ 20, ಶನಿವಾರ

ಮುಂದಿನ ಬಾಗಿಲಿಗೆ ಹೊಸ ಬೀಗ. ಎಮ್ಮೆಯ ತಲೆಯಷ್ಟಿದೆ. ನನ್ನ ಬೀಗದ ಮೇಲೆಯೇ ಇನ್ನೊಂದು ಚಿಲಕ ಹೊಡೆಸಿ ಹಾಕಿದ್ದಾರೆ. ಕಟ್ಟೆಯ ಮೇಲಿಂದ ಕುಳ್ಳಯ್ಯಣ್ಣ ಅಂದರು: ‘ಆರ್ಡರ್ ಬರಗಂಟ ಲೈಬ್ರರಿ ಬಂದ್. ಮನೀಗೋಗಮ್ಮ.’

ಹೋದೆ. ಅತ್ತೆಯ ಮುಂದೆ ಅಳಬಾರದೆಂದು ಒಲೆ ಊದುತ್ತ ಕೂತೆ. ಅವರು ಇನ್ನೊಂದು ಸೌದೆ ಒಲೆಗೆ ತಳ್ಳಿ ಕೇಳಿದರು: ‘ಮುಂದ್ಲ ಬಾಗ್ಲಿಗೆ ತಾನೇ ಬೀಗ ಆಕಿರದು?’

‘ಹೂಂ.’

‘ಇಂದ್ಲ ಬಾಗ್ಲು?’

ನಾನು ಊದುಗೊಳವೆ ಕೆಳಗಿಟ್ಟೆ.

ಸೆಪ್ಟೆಂಬರ್ 21, ಭಾನುವಾರ

ಅವರು ಮರೆತಿದ್ದಾರೆ! ಮರೆತಿದ್ದಾರೆ ಎನ್ನುವುದೂ ತಪ್ಪು. ಅವರಿಗೆ ಗೊತ್ತೇ ಇಲ್ಲ. ಆ ಓಣಿಗೆ ಗಂಡಸರು ಕಾಲಿಡುವುದಿಲ್ಲ, ಹೆಂಗಸರು ನೀರು ಹಿಡಿಯುವ ಜಾಗ. ನಾನು ಆ ಬಾಗಿಲು ತೆರೆದು ಇಷ್ಟು ದಿನವಾಯಿತು, ಊರಿನ ಅರ್ಧಕ್ಕೆ ಗೊತ್ತು, ಇನ್ನರ್ಧಕ್ಕೆ ಅಲ್ಲಿ ಒಂದು ಬಾಗಿಲಿದೆ ಎಂಬುದೇ ತಿಳಿಯದು. ಪವಿತ್ರಾ ಕಟ್ಟೆಯ ಮುಂದೆ ಹಾದು ಬಂದಳೆಂದೇ ಕುಳ್ಳಯ್ಯಣ್ಣ ತಿಳಿದಿರಬೇಕು.

ಬೆಳಿಗ್ಗೆ ಬಸ್ಸಿನವನು ಟೀ ಅಂಗಡಿಯಲ್ಲಿ ಪೇಪರ್ ಎಸೆದು ಹೋದ. ಲೈಬ್ರರಿಯ ಹೆಸರಿಗೆ ಬರುವ ಪೇಪರ್, ತೆಗೆದುಕೊಂಡೆ. ಕಟ್ಟೆಯ ಮುಂದೆಯೇ ನಡೆದು, ಮೂಲೆ ತಿರುಗಿ, ಓಣಿಗೆ ಹೋಗಿ ನನ್ನ ಬೀಗ ತೆಗೆದೆ.

ಸೆಪ್ಟೆಂಬರ್ 25, ಗುರುವಾರ

ಗೊತ್ತಾಯಿತು. ವಸಂತ್ ಇನ್ನೊಂದು ಬೀಗ ಹಿಡಿದು ಓಣಿಗೆ ಬಂದ. ನೀರು ಬಿಟ್ಟ ಹೊತ್ತು. ಹೊಸಿಲಿನ ಮುಂದೆ ಕೊಡಗಳ ಸಾಲು. ಯಾರೂ ಎತ್ತಲಿಲ್ಲ.

ಬೀರಮ್ಮ: ‘ಏನ್ಲಾ ವಸಂತ, ನೀರಿಗ್ ಬಂದ್ಯಾ? ಕೊಡ ಎಲ್ಲಿ?’

‘ದಾರಿ ಬಿಡಕ್ಕ. ಬಾಗ್ಲಿಗೆ ಬೀಗ ಆಕ್ಬೇಕು.’

‘ಆಕು. ಒಳಗೆ ನಮ್ ಚಿಕ್ಕಸಿದ್ದಿ ಕೂತವಳೆ, ಅವಳನ್ನೂ ಸೇರ್ಸಿ ಆಕು. ಸಂಜೀಗೆ ಅವಳ ಗಂಡುಂಗೆ ಮುದ್ದೆ ನೀನೇ ತೊಳಸು.’

ಎಲ್ಲರೂ ನಕ್ಕರು. ಯಾರೋ ಸರದಿಯಲ್ಲಿ ಅವನ ಹೆಸರು ಕೂಗಿದರು, ‘ನಿನ್ ಪಾಳಿ ಬಂತು ಕಣಪ್ಪ, ಹಿಡ್ಕೋ’ ಎಂದು. ಅವನು ಬಂದ ದಾರಿಯಲ್ಲಿ ಹೋದ, ಪ್ಯಾಂಟಿನ ಒಂದು ಕಾಲು ಒದ್ದೆ.

ನಾನು ಒಳಗೆ ಕುರ್ಚಿಯಲ್ಲಿ ಕೂತು ಚೀಟಿ ಬರೆಯುತ್ತಿದ್ದೆ. ಎದ್ದು ಹೋಗಬೇಕೆನಿಸಲಿಲ್ಲ.

ಅಕ್ಟೋಬರ್ 10, ಶುಕ್ರವಾರ

ಹೊಗೆಸೊಪ್ಪಿನ ಹರಾಜು ಶುರುವಾಗಿದೆ. ಪೇಪರಿನ ಒಳಪುಟದಲ್ಲಿ ದಿನಾ ರೇಟು ಬರುತ್ತದೆ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಎಲ್ಲದರದೂ. ಸೊಪ್ಪು ಇವತ್ತು ಹಾಕಬೇಕೋ ಇನ್ನೊಂದು ವಾರ ತಡೆಯಬೇಕೋ ಅದರ ಮೇಲೆಯೇ ತೀರ್ಮಾನ. ಊರಿಗೆ ಬರುವುದು ಇದೊಂದೇ ಪೇಪರ್. ಅದು ಹಿಂದಿನ ಬಾಗಿಲೊಳಗಿದೆ.

ಮೊದಲು ಬಂದವರು ಆವತ್ತು ನನ್ನ ಮುಖ ನೋಡಿ ನೀರು ಕುಡಿಯಲು ವಾಪಸು ಹೋಗಿದ್ದರಲ್ಲ, ಅವರಲ್ಲೊಬ್ಬರು. ಓಣಿಯ ತುದಿಯಿಂದಲೇ ತಲೆ ತಗ್ಗಿಸಿ, ಗೋಡೆ ಸವರಿಕೊಂಡು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದರು. ಟವೆಲು ಹೆಗಲಿಂದ ಕೈಗೆ ಇಳಿದಿತ್ತು. ಅವರ ಹಿಂದೆ ಇನ್ನೊಬ್ಬರು. ಇಪ್ಪತ್ತು ವರ್ಷ ನಾವು ಕಟ್ಟೆಯ ಮುಂದೆ ನಡೆಯದೇ ಇದ್ದದ್ದು ಹೀಗೆಯೇ ಎಂದು ಅವರಿಗೆ ಈಗ ಗೊತ್ತಾಗಿರಬೇಕು. ನಾನು ಪಾಠದಲ್ಲಿದ್ದ ಹಾಗೆ ತಲೆ ಎತ್ತಿ ನೋಡಿದೆ, ನಕ್ಕೆ, ‘ಏನು ಬೇಕಿತ್ತು?’ ಅಂದೆ.

‘ರೇಟು ನೋಡ್ಬೇಕಿತ್ತು ಕಣಮ್ಮ.’

‘ಬನ್ನಿ, ಕೂತ್ಕೊಳ್ಳಿ.’

ಅವರು ಕೂತು ಓದುವಾಗ ಓಣಿಯಿಂದ ಚಿಕ್ಕಸಿದ್ದಮ್ಮ ಕೂಗಿದಳು: ‘ನಮಗೂ ಕೇಳಂಗೆ ಓದಣ್ಣ, ಸೊಪ್ಪು ಕಟ್ಟಿದೋರು ನಾವಲ್ವಾ!’

ಗಟ್ಟಿಯಾಗಿ ಓದಿದರು. ಇಲ್ಲಿ ಮೌನವಾಗಿರಿ ಎಂದು ಬೋರ್ಡಿಲ್ಲ.

ಅಕ್ಟೋಬರ್ 28, ಮಂಗಳವಾರ

ದೀಪಾವಳಿ. ನಮಗೆ ಈ ವರ್ಷ ಹಬ್ಬವಿಲ್ಲ. ಅತ್ತೆಗೆ ಇಷ್ಟವೆಂದು ಒಂದು ಹಣತೆ ಹಚ್ಚಿಟ್ಟೆ. ಅವರ ಪಂಚೆ ಒಗೆದು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಕನ್ನಡಕವನ್ನು ಅದರ ಮೇಲಿಟ್ಟೆ. ಮೇಜಿನ ಮೇಲೆ ಜಾಗ ಬೇಕಾಗಿತ್ತು.

ನವೆಂಬರ್ 10, ಸೋಮವಾರ

ಪರೀಕ್ಷೆ. ಪ್ರಶ್ನೆ ಪರದೆಯ ಮೇಲೆ, ಉತ್ತರ ನನ್ನ ಕೈಯಲ್ಲಿ. ಮುಗಿದ ಕೂಡಲೇ ಸ್ಕ್ಯಾನ್. ಅರ್ಧದಲ್ಲಿ ಕರೆಂಟು ಹೋಯಿತು. ಪ್ರಶ್ನೆಗಳನ್ನು ಮೊದಲೇ ಹಾಳೆಗೆ ಇಳಿಸಿಕೊಂಡಿದ್ದೆ, ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತು ಬರೆದೆ. ಸುರೇಶಣ್ಣ ಪಕ್ಕದ ಬೇಕರಿಯವರ ಜನರೇಟರಿನಿಂದ ವೈರು ಎಳೆದರು.

ಕೊನೆಯ ಪ್ರಶ್ನೆ: ನಿಮ್ಮ ಗ್ರಂಥಾಲಯದಲ್ಲಿ ನೀವು ಬದಲಾಯಿಸಿದ್ದೇನು?

‘ಏನೂ ಇಲ್ಲ. ಒಂದು ಬಾಗಿಲಿತ್ತು, ತೆರೆದೆ’ ಎಂದು ಬರೆದು, ಇಷ್ಟೇ ಬರೆದರೆ ಫೇಲಾಗುತ್ತೇನೆಂದು ಇನ್ನೆರಡು ಪುಟ ಬರೆದೆ.

ನವೆಂಬರ್ 19, ಬುಧವಾರ

ಮೈಸೂರಿನ ಗ್ರಂಥಾಲಯ ಇಲಾಖೆಯಿಂದ ತನಿಖೆಗೆ ಸಾಹೇಬರು ಬಂದಿದ್ದರು. ಜೀಪು ಕಟ್ಟೆಯ ಮುಂದೆ ನಿಂತಿತು. ಮುಂದಿನ ಬಾಗಿಲಿಗೆ ಬೀಗ ನೋಡಿ ‘ಲೈಬ್ರರಿ ಮುಚ್ಚಿದೆಯಾ?’ ಎಂದು ಕೇಳಿದರಂತೆ. ಕಟ್ಟೆಯ ಮೇಲಿದ್ದವರೇ ಹೇಳಿದ್ದು: ‘ಇಲ್ಲ ಸಾ, ಇಂದ್ಗಡೆಯಿಂದ ಓಗ್ಬೇಕು. ಚಪ್ಪಲಿ ಜ್ವಾಪಾನ, ನೀರಾಗಿರ್ತದೆ.’

ಒಳಗೆ ಬಂದಾಗ ಹೆಂಗಸರು ಗೋಡೆಗೆ ಒರಗಿ ಓದುತ್ತಿದ್ದರು, ಮೇಜಿನ ಹತ್ತಿರ ಗಂಡಸರು ರೇಟು ನೋಡುತ್ತಿದ್ದರು. ಸಾಹೇಬರು ಪುಸ್ತಕ ತೆಗೆದು ಪುಟ ತಿರುವಿದರು. ಅಂಚಿನಲ್ಲಿ ಕಪ್ಪು ಹೆಬ್ಬೆರಳ ಗುರುತು.

‘ಮುಂದಿನ ಬಾಗಿಲು ಯಾಕೆ ಮುಚ್ಚಿದೆ?’

‘ಅಧ್ಯಕ್ಷರನ್ನು ಕೇಳಬೇಕು ಸಾರ್. ಬೀಗ ಅವರದು.’

‘ಯಾರು ಏನೇನು ಓದ್ತಾರೆ ಅಂತ ಲೆಕ್ಕ ಇದೆಯಾ?’

‘ಎಷ್ಟು ಜನ ಓದ್ತಾರೆ ಅಂತ ಇದೆ. ಯಾರು ಏನು ಅಂತ ಇಲ್ಲ. ಇಡಲ್ಲ.’

ಅವರು ನನ್ನ ಮುಖವನ್ನೊಮ್ಮೆ ನೋಡಿ ಏನೋ ಬರೆದುಕೊಂಡರು. ‘ನಿಮಗಿಂತ ಮುಂಚೆ ಯಾರಿದ್ದರು ಇಲ್ಲಿ?’

‘ಚಿಕ್ಕಮಾದಯ್ಯ. ನನ್ನ ಗಂಡ’ ಅಂದೆ. ‘ಪುಸ್ತಕಗಳನ್ನು ತುಂಬ ಜೋಪಾನವಾಗಿ ಇಟ್ಟಿದ್ದರು.’

ಪಂಚಾಯ್ತಿಯ ಶಿಫಾರಸು ಬರದೆ ನನ್ನ ಹೆಸರಿಗೆ ಆರ್ಡರ್ ಆಗುವುದಿಲ್ಲ ಎಂದು ಹೇಳಿ ಹೋದರು. ಶಿಫಾರಸಿಗೆ ಸೈನು ಹಾಕಬೇಕಾದವರು ಕುಳ್ಳಯ್ಯಣ್ಣ. ಆಗದಿದ್ದರೆ ಆಗದು. ಬಾಗಿಲು ಮುಚ್ಚಿದರೆ ತೊಂಬೆಯ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತೇನೆ.

ನವೆಂಬರ್ 24, ಸೋಮವಾರ

ಪಾಸು. ಮೊದಲ ದರ್ಜೆ. ಸುರೇಶಣ್ಣ ಸರ್ಟಿಫಿಕೇಟನ್ನು ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆದುಕೊಟ್ಟರು. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದ್ನ ಕಟ್ಟು ಹಾಕ್ಸಿ ನನ್ ಮಗನ ಪೋಟದ ಪಕ್ಕ ಹಾಕು’ ಅಂದರು. ಬೇಡ, ಲೈಬ್ರರಿಯಲ್ಲಿ ಹಾಕುತ್ತೇನೆ ಅಂದೆ.

ನವೆಂಬರ್ 27, ಗುರುವಾರ

ನೀರು ಬಿಡದ ಹೊತ್ತು ನೋಡಿಕೊಂಡು ಕುಳ್ಳಯ್ಯಣ್ಣ ಬಂದರು, ಒಬ್ಬರೇ, ಓಣಿಯಲ್ಲಿ. ಹೊಸಿಲಿನಲ್ಲಿ ನಿಂತು ಅತ್ತ ಇತ್ತ ನೋಡಿದರು. ಒಳಗೆ ಯಾರೂ ಇರಲಿಲ್ಲ. ಆ ದೊಡ್ಡ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು.

‘ವಸಂತ ಒಲ್ಲೆ ಅಂದ. ಆ ಓಣಿ ಹೆಂಗಸ್ರ ಬಾಯಿಗೆ ದಿನಾ ಯಾರು ಬೀಳ್ತಾರೆ ಬಾವ ಅಂದ. ಶಿಫಾರಸಿಗೆ ಸೈನ್ ಆಕಿವ್ನಿ. ತಕೋ, ಮುಂದ್ಲ ಬಾಗ್ಲು ತೆಗಿ.’

‘ನೀವು ಹಾಕಿದ ಬೀಗ ಕುಳ್ಳಯ್ಯಣ್ಣ. ನೀವೇ ತೆಗೀರಿ. ಕಟ್ಟೆಯ ಮೇಲೆ ಎಲ್ಲ ಇರೋವಾಗ.’

ಅವರು ಕೀಲಿ ಕೈ ವಾಪಸು ತೆಗೆದುಕೊಂಡರು. ಜಗಳಕ್ಕೆ ಬರುತ್ತಾರೆ ಎಂದುಕೊಂಡೆ. ಹೋಗಲಿಲ್ಲ, ನಿಂತೇ ಇದ್ದರು. ಬೀರುವಿನ ಕಡೆ ನೋಡಿದರು, ಟವೆಲಿನ ತುದಿ ತಿರುಚಿದರು.

‘ಏನು ಬೇಕಿತ್ತು?’ ಅಂದೆ.

‘ಏನಿಲ್ಲ. ಸುಮ್ನೆ ಒಂದು ಕಥೆ ಬುಕ್ಕು.’

‘ಯಾತಕ್ಕೆ ಬೇಕಿತ್ತು?’

ಓಣಿಯ ಕಡೆ ಇನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಹೇಳಿದರು. ಕಟ್ಟೆಯ ಮೇಲೆ ಕೇಳುವ ದನಿಯಲ್ಲ ಅದು. ನಾನು ಎದ್ದು ಹೋಗಿ ಹುಡುಕಿ ತಂದೆ. ಅಂಚಿನಲ್ಲಿ ಕಪ್ಪು ಬೆರಳಿನ ಗುರುತಿದ್ದ ಪುಸ್ತಕ. ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

‘ಯಾರ್ಗೂ ಹೇಳ್ಬ್ಯಾಡ ತಾಯಿ. ಮನೇರ್ಗೂ.’

‘ಹೇಳೋ ಹಾಗಿಲ್ಲ. ಪಾಠದಲ್ಲಿದೆ.’

ಹೊರಗೆ ಬೀರಮ್ಮ ಖಾಲಿ ಕೊಡ ಹಿಡಿದು ಬರುತ್ತಿದ್ದಳು. ಅವರು ಗೋಡೆಗೆ ಸರಿದು ಅವಳಿಗೆ ದಾರಿ ಬಿಟ್ಟರು. ‘ಏನಂತೆ ಕುಳ್ಳಯ್ಯಣ್ಣಂಗೆ? ಏನ್ ತಕ್ಕೊಂಡೋದ್ರು?’ ಎಂದು ಒಳಗೆ ಬಂದಳು. ನಾನು ಚೀಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.

ಕುರ್ಚಿಯ ಬೆತ್ತ ಒಂದು ಕಡೆ ಜೋತುಬಿದ್ದಿದೆ. ಮೇದರವರಿಗೆ ಹೇಳಿ ಬಿಗಿ ಮಾಡಿಸಬೇಕು, ದಿನವೆಲ್ಲ ಕೂತರೆ ಸೊಂಟ ನೋಯುತ್ತದೆ.